ಖಾಲಿ ಜಾಗ ಸೊನ್ನೆ – ಕಂತು ೭: ಅಳಿಸದೆ ಉಳಿದ ವರ್ಷ

"ಮುಟ್ಟಬೇಡಿ. ಆ ಮೌಸ್ ಮೇಲಿಂದ ಕೈ ತೆಗೀರಿ."

ಹೆಗಲ ಮೇಲಿನ ಚೀಲವನ್ನೂ ಇಳಿಸದೆ ರಿಪೇರಿ ಅಕ್ಕ ಒಳಗೆ ನುಗ್ಗಿದಳು. ಕೌಂಟರಮ್ಮ ಬಿಸಿ ಪಾತ್ರೆ ಮುಟ್ಟಿದವರಂತೆ ಕೈ ಹಿಂದಕ್ಕೆಳೆದುಕೊಂಡರು. ಪರದೆಯ ಮೇಲಿನ ಕೆಂಪು ಪಟ್ಟಿ ಈ ತುದಿಯಿಂದ ಆ ತುದಿಯವರೆಗೆ ತುಂಬಿಕೊಂಡಿತ್ತು. ಖಾಲಿ ಜಾಗ ಸೊನ್ನೆ.

"ಏನೂ ಅಳಿಸಿಲ್ಲ ತಾನೇ?"

"ಇಲ್ಲಮ್ಮ. ತುಂಬಿದ್ರೆ ಅಳಿಸಬೇಡಿ, ಆಫ್ ಮಾಡಬೇಡಿ, ಮೊದಲು ನಂಗೆ ಫೋನ್ ಮಾಡಿ ಅಂದಿದ್ರಲ್ಲ, ಹಾಗೇ ಮಾಡಿದೆ. ಹದಿನೇಳು ವರ್ಷದ ಅಭ್ಯಾಸ ನೋಡಿ, ಕೈ ತಾನಾಗೇ ಹೋಗುತ್ತೆ."

ಮೂರು ವಾರದಲ್ಲಿ ಈ ಸ್ಕ್ಯಾನ್ ಸೆಂಟರಿನ ಕಂಪ್ಯೂಟರ್ ಹೊಟ್ಟೆಯುಬ್ಬರಿಸಿಕೊಂಡು ಕೂತಿದ್ದು ಇದು ನಾಲ್ಕನೆಯ ಸಲ. ಹಿಂದಿನ ಮೂರು ಸಲವೂ ರಿಪೇರಿ ಅಕ್ಕ ಬರುವಷ್ಟರಲ್ಲಿ ಅದು ಏನೂ ಅರಿಯದ ಮಗುವಿನ ಹಾಗೆ ನಗುತ್ತಿತ್ತು. ವೈರಸ್ ಇಲ್ಲ, ಕಸ ಇಲ್ಲ, ಜಾಗ ಬೇಕಾದಷ್ಟಿದೆ. ಅವಳು ತಲೆ ಕೆರೆದುಕೊಂಡು ಬರಿಗೈಯಲ್ಲಿ ವಾಪಸಾಗಿದ್ದಳು.

ಇವತ್ತು ಮಾತ್ರ ಕಳ್ಳ ಮನೆಯೊಳಗಿರುವಾಗಲೇ ಬಾಗಿಲು ಹಾಕಿದಂತಾಗಿತ್ತು.

ಗೋಡೆ ಗಡಿಯಾರ ಎರಡೂ ಐದು ತೋರಿಸುತ್ತಿತ್ತು. ಮೂರು ಗಂಟೆಯೊಳಗೆ ಬೇರೆ ಯಾರದಾದರೂ ಹೆಸರು ಸಿಗದಿದ್ದರೆ ಕೌಂಟರಮ್ಮನ ಕೈಗೆ ಕೆಲಸದಿಂದ ತೆಗೆದ ಪತ್ರ ಬರುತ್ತದೆ. ಹಾಗೆಂದು ಡಾಕ್ಟರಮ್ಮ ಬೆಳಿಗ್ಗೆಯೇ ಹೇಳಿಬಿಟ್ಟಿದ್ದರು. ಕೌಂಟರಮ್ಮನಿಗೆ ಐವತ್ತನಾಲ್ಕು. ಮನೆಯಲ್ಲಿ ಹಾಸಿಗೆ ಹಿಡಿದ ಅಣ್ಣ. ಈ ವಯಸ್ಸಿನಲ್ಲಿ, ದಾಖಲೆ ನಾಶ ಮಾಡಿದವಳು ಎಂಬ ಹಣೆಪಟ್ಟಿ ಹಚ್ಚಿಕೊಂಡು ಹೋದರೆ ಇನ್ನಾವ ಕೌಂಟರಿನ ಹಿಂದೆ ಇವರನ್ನು ಕೂರಿಸಿಯಾರು?

ಆ ಹಣೆಪಟ್ಟಿಗೆ ಕಾರಣವಾದದ್ದು ಪರದೆಯ ಅಂಚಿಗೆ ಅಂಟಿಸಿದ್ದ ಒಂದು ಹಳದಿ ಚೀಟಿ. 'ಜಾಗ ತುಂಬಿದರೆ ಎಲ್ಲಕ್ಕಿಂತ ಹಳೆಯ ವರ್ಷ ಅಳಿಸಿ, ಆಫ್ ಮಾಡಿ ಆನ್ ಮಾಡಿ.' ಹಿಂದೊಮ್ಮೆ ಪುಟ್ಟ ಡಿಸ್ಕ್ ಇದ್ದಾಗ ಡಾಕ್ಟರಮ್ಮನ ತಮ್ಮ, ಅಂದರೆ ಇಲ್ಲಿನ ಮ್ಯಾನೇಜರ್, ಬರೆದು ಅಂಟಿಸಿದ್ದು. ಡಿಸ್ಕ್ ಬದಲಾಯಿತು, ಚೀಟಿ ಬದಲಾಗಲಿಲ್ಲ. ಕೌಂಟರಮ್ಮ ಬರೆದದ್ದನ್ನು ಬರೆದ ಹಾಗೇ ಪಾಲಿಸುವ ಜೀವ. ಒಂದು ಸಲ ತುಂಬಿತು, ಒಂಬತ್ತು ವರ್ಷದ ಹಿಂದಿನ ಎಕ್ಸ್‌ರೇಗಳೆಲ್ಲ ಹೋದವು. ಇನ್ನೊಂದು ಸಲಕ್ಕೆ ಎಂಟು, ಮತ್ತೊಂದು ಸಲಕ್ಕೆ ಏಳು. ಹೋದ ವಾರ ಒಬ್ಬ ರೋಗಿ ಹಳೆಯ ಚಿತ್ರ ಕೇಳಿಕೊಂಡು ಬಂದಾಗ ಬಣ್ಣ ಬಯಲಾಯಿತು. ಯಾರು, ಯಾವ ಹೊತ್ತಿಗೆ ಅಳಿಸಿದರು ಎಂಬುದನ್ನೆಲ್ಲ ಯಂತ್ರ ಬರೆದಿಟ್ಟುಕೊಳ್ಳುತ್ತದೆ. ಎಲ್ಲ ಕಡೆಯೂ ಕೌಂಟರಮ್ಮನ ಹೆಸರೇ ಇತ್ತು.

ರಿಪೇರಿ ಅಕ್ಕ ಕುರ್ಚಿ ಎಳೆದುಕೊಂಡು ಕೂತಳು. ಬೆಳಿಗ್ಗೆ ಹತ್ತಕ್ಕೆ 'ಎಲ್ಲ ಸರಿಯಾಗಿದೆ' ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹೊರಟುಹೋಗಿದ್ದಳು. ಹೋಗುವ ಮುಂಚೆ ನಿಮಿಷಕ್ಕೊಮ್ಮೆ ಖಾಲಿ ಜಾಗವನ್ನು ಗುರುತು ಹಾಕಿ ತನ್ನ ಅಂಗಡಿಗೆ ಕಳಿಸುತ್ತಿರುವ ಪುಟ್ಟ ಪ್ರೋಗ್ರಾಂ ಒಂದನ್ನು ಒಳಗೆ ಬಚ್ಚಿಟ್ಟಿದ್ದಳು. ಈಗ ಆ ಪಟ್ಟಿಯನ್ನು ಮೊಬೈಲಿನಲ್ಲಿ ತೆರೆದಳು.

ಹತ್ತು ಗಂಟೆಗೆ ನೂರ ಹದಿನಾಲ್ಕು ಜಿ.ಬಿ. ಖಾಲಿ. ಹನ್ನೊಂದು, ಹನ್ನೆರಡು, ಒಂದು, ಅಷ್ಟೂ ಹೊತ್ತು ಹೆಚ್ಚುಕಡಿಮೆ ಅಷ್ಟೇ. ಒಂದು ಹನ್ನೆರಡಕ್ಕೆ ನೂರ ಹತ್ತು. ಒಂದು ಹದಿಮೂರಕ್ಕೆ ನೂರ ಆರು. ಮೆಟ್ಟಿಲಿಳಿದ ಹಾಗೆ ನಾಲ್ಕು ನಾಲ್ಕಾಗಿ ಇಳಿದು ಒಂದು ನಲವತ್ತರ ಹೊತ್ತಿಗೆ ತಳ ಮುಟ್ಟಿತ್ತು.

"ಒಂದು ಹತ್ತಕ್ಕೆ ಇಲ್ಲಿ ಯಾರಿದ್ರು?"

"ಊಟದ ಹೊತ್ತು. ನಾನು ಹಿಂದಿನ ಕೋಣೇಲಿ ಡಬ್ಬಿ ಬಿಚ್ಚಿದ್ದೆ. ಡಾಕ್ಟರಮ್ಮ ಮನೆಗೆ ಹೋಗಿದ್ರು. ಮ್ಯಾನೇಜರ್ ಸಾಹೇಬರು ಇಲ್ಲೇ ಎಲ್ಲೋ ಇದ್ರು. ಎಕ್ಸ್‌ರೇ ತೆಗೆಯೋ ಅಣ್ಣ ಮೆಟ್ಟಿಲ ಮೇಲೆ ಕೂತು ಊಟ ಮಾಡ್ತಿದ್ದ, ದಿನಾ ಹಾಗೇ."

"ಕೌಂಟರಲ್ಲಿ ಯಾರೂ ಇರ್ಲಿಲ್ವಾ? ಫೋನ್ ಬಂದ್ರೆ?"

"ಅದಕ್ಕೇನು, ವಾರಕ್ಕೆ ಎರಡು ಸಲ ಒಬ್ಬ ಅಜ್ಜಿ ಬಂದು ಬೆಂಚಿನ ಮೇಲೆ ದಣಿವಾರಿಸಿಕೊಳ್ತಾರೆ, ಮಂಡಿನೋವು ಪಾಪ. ಅವರು ಬಂದ ದಿನ ಕೌಂಟರಲ್ಲೇ ಕೂರಿಸಿ ಫೋನ್ ಬಂದ್ರೆ ಎತ್ತಿ ಅಂತೀನಿ. ಎಷ್ಟು ಚೆನ್ನಾಗಿ ಮಾತಾಡ್ತಾರೆ ಅಂತೀರಿ. ನಂಗೇ ಹಾಗೆ ಬರಲ್ಲ."

ರಿಪೇರಿ ಅಕ್ಕ ಹೂಂ ಎಂದಳು. ಅವಳ ಕಿವಿ ಇಲ್ಲಿತ್ತು, ಗಮನವೆಲ್ಲ ಪರದೆಯ ಮೇಲಿತ್ತು. ಮಂಡಿನೋವಿನ ಅಜ್ಜಿಯ ಬಗ್ಗೆ ಆಗಲೇ ಇನ್ನೊಂದು ಮಾತು ಕೇಳಿದ್ದರೆ ಅವಳಿಗೆ ಮುಂದಿನ ಮುಕ್ಕಾಲು ಗಂಟೆಯ ಪಾಡು ತಪ್ಪುತ್ತಿತ್ತು. ಅವಸರ ಅವಳ ಹುಟ್ಟುಗುಣ, ಏನು ಮಾಡುವುದು.

ಕಣ್ಣಿಗೆ ಕಾಣುವ ಫೈಲುಗಳನ್ನೆಲ್ಲ ಕೂಡಿಸಿದಳು. ಡಿಸ್ಕ್ ತುಂಬಿದೆ ಎನ್ನುವುದಕ್ಕೂ ಈ ಮೊತ್ತಕ್ಕೂ ತಾಳೆಯಾಗಲಿಲ್ಲ. ನೂರ ಹದಿಮೂರು ಜಿ.ಬಿ. ಎಲ್ಲೋ ಮರೆಯಲ್ಲಿ ಕೂತಿದೆ. ಅಡಗಿದ್ದನ್ನೆಲ್ಲ ತೋರಿಸು ಎಂದು ಯಂತ್ರಕ್ಕೆ ತಾಕೀತು ಮಾಡಿದಾಗ ಯಂತ್ರದ್ದೇ ಸ್ವಂತ ಫೋಲ್ಡರಿನಂತೆ ವೇಷ ಹಾಕಿಕೊಂಡಿದ್ದ ಒಂದು ಫೋಲ್ಡರ್ ಹೊರಬಿತ್ತು.

ಒಳಗೆ ಇಪ್ಪತ್ತೆಂಟು ಫೈಲು. ಹೆಸರಿನ ಜಾಗದಲ್ಲಿ ಬರೀ ಅಂಕಿ. ಗಾತ್ರ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಒಂದನ್ನೇ ಇಪ್ಪತ್ತೆಂಟು ಸಲ ಬಡಿಸಿದ್ದಾರೆ. ಪಕ್ಕದಲ್ಲೇ ನಾಲ್ಕು ಸಾಲಿನ ಆಜ್ಞೆ ಇತ್ತು: ಯಂತ್ರ ಆಫ್ ಆಗುವಾಗ ಇದನ್ನೆಲ್ಲ ಗುಡಿಸಿ ಹಾಕು.

ಆ ನಾಲ್ಕು ಸಾಲನ್ನು ರಿಪೇರಿ ಅಕ್ಕ ಎರಡೆರಡು ಸಲ ಓದಿದಳು. ಅವು ಅವಳೇ ಬರೆದ ಸಾಲುಗಳು.

ಅವಳ ಅಂಗಡಿಯಲ್ಲಿ ಅದಕ್ಕೆ 'ಊಟ ಹಾಕುವುದು' ಎಂದು ಹೆಸರು. ಯಾರೋ ಬಳಸಿ ಬಿಟ್ಟ ಹಾರ್ಡ್ ಡಿಸ್ಕ್ ಕೊಂಡರೆ ಅದರ ಯೋಗ್ಯತೆ ತಿಳಿಯಲು ಒಂದು ದೊಡ್ಡ ಫೈಲನ್ನು ಮತ್ತೆ ಮತ್ತೆ ನಕಲು ಮಾಡಿ ಕಂಠಮಟ್ಟ ತುಂಬಿಸುತ್ತಾರೆ. ತಡೆದುಕೊಂಡರೆ ಡಿಸ್ಕ್ ಗಟ್ಟಿ. ಆಫ್ ಮಾಡಿದರೆ ಎಲ್ಲ ತಾನಾಗಿ ಖಾಲಿ. ಊಟ ಹಾಕುವ ಕೆಲಸ ಅತ್ತೆಯದು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಂತಿ ಚುಚ್ಚಿದ ಕೈ ಅವರದು. ಕಂಪ್ಯೂಟರ್ ಯಾವ ಲೆಕ್ಕ?

ಆರು ವರ್ಷದಿಂದ ಆ ಅಂಗಡಿಯೇ ಅತ್ತೆ-ಸೊಸೆಯ ಜಗತ್ತು. ಆರು ವರ್ಷದ ಹಿಂದೆ, ಮಾರ್ಚ್ ಹನ್ನೊಂದರಂದು, ರಿಪೇರಿ ಅಕ್ಕನ ಗಂಡನ ಸ್ಕೂಟರ್ ಸೇತುವೆಯ ಮೇಲೆ ಸಿಕ್ಕಿತು. ಗಂಡ ಸಿಗಲಿಲ್ಲ. ಹೊಳೆ ವಾಪಸು ಕೊಟ್ಟದ್ದು ಅವನ ಜರ್ಕಿನ್ ಒಂದನ್ನೇ. ಸೊಸೆ ಅನ್ನ ಬಿಟ್ಟು ಮಲಗಿದಾಗ ತುತ್ತು ಮಾಡಿ ಬಾಯಿಗಿಟ್ಟವರು ಅತ್ತೆ. ಮಗನನ್ನು ಕಳೆದುಕೊಂಡ ಹೆಂಗಸು ತನಗೆ ಸಮಾಧಾನ ಹೇಳುತ್ತಿದ್ದಾರಲ್ಲ ಎಂದು ನಾಚಿಕೆಯಾಗಿ ಎದ್ದು ಕೂತವಳು ಇವಳು. ಈ ಸಾಲುಗಳನ್ನು ಕಂಡಾಗ ಅವಳಿಗೆ ಅತ್ತೆಯ ನೆನಪು ಬರಬೇಕಿತ್ತು. ಬರಲಿಲ್ಲ. ನಾವು ನೆಚ್ಚಿ ಕೂತ ಗೋಡೆಯನ್ನು ನಾವು ಯಾಕೆ ತಿರುಗಿ ನೋಡುತ್ತೇವೆ?

ಅವಳಿಗೆ ನೆನಪಾದದ್ದು ಬೇರೆಯೇ. ಎರಡು ತಿಂಗಳ ಹಿಂದೆ ಅವಳ ಅಂಗಡಿಯಿಂದ ಊಟ ಹಾಕಿ ನೋಡಿದ ಡಿಸ್ಕ್ ಒಂದನ್ನು ಮ್ಯಾನೇಜರ್ ಕೊಂಡು ಹೋಗಿದ್ದ. ಅದರೊಳಗೆ ಈ ಆಜ್ಞೆ ಹಾಗೇ ಉಳಿದಿತ್ತು.

"ಅಮ್ಮಾ, ಡಾಕ್ಟರಮ್ಮನನ್ನೂ ಮ್ಯಾನೇಜರನ್ನೂ ಕರೀರಿ."

ಡಾಕ್ಟರಮ್ಮ ಬಂದವರೇ ಗೋಡೆ ಗಡಿಯಾರ ನೋಡಿದರು. ರಿಪೇರಿ ಅಕ್ಕ ಈ ಕೆಲಸಕ್ಕೆ ಬಂದಾಗಿನಿಂದ ಒಂದು ಸಲವೂ ಅವರು ಅವಳ ಮುಖ ನೋಡಿ ಮಾತಾಡಿದ್ದಿಲ್ಲ. ಇವಳನ್ನು ಕರೆಸಿದ್ದು ಅವರ ತಮ್ಮ. ಡಾಕ್ಟರಮ್ಮನಿಗೆ ಹೊರಗಿನವರು ಯಂತ್ರ ಮುಟ್ಟುವುದೇ ಇಷ್ಟವಿರಲಿಲ್ಲವಂತೆ. ತಮ್ಮ ಹಿಂದಿನಿಂದ ಬಂದ. ಒಂದು ಕಡೆ ಕೂದಲು ಚಪ್ಪಟೆಯಾಗಿ ಅಂಟಿಕೊಂಡಿತ್ತು.

"ಒಂದು ಹತ್ತರಿಂದ ಎರಡರವರೆಗೆ ಎಲ್ಲಿದ್ರಿ?" ರಿಪೇರಿ ಅಕ್ಕ ನೇರವಾಗಿ ಕೇಳಿದಳು.

"ನಾನಾ? ಇಲ್ಲೇ."

"ಇಲ್ಲೇ ಅಂದ್ರೆ?"

"ಒಳಗೆ. ಕೆಲಸ ಇತ್ತು."

"ಈ ಚೀಟಿ ಬರೆದವರು ನೀವು. ತುಂಬಿದ್ರೆ ಅಮ್ಮ ಏನು ಮಾಡ್ತಾರೆ ಅಂತ ನಿಮಗೆ ಚೆನ್ನಾಗಿ ಗೊತ್ತು. ಒಬ್ಬರದೇ ಒಂದು ಚಿತ್ರ ಅಳಿಸಿದ್ರೆ ಎದ್ದು ಕಾಣುತ್ತೆ, ಅಳಿಸಿದವರ ಹೆಸರೂ ಉಳಿಯುತ್ತೆ. ಇಡೀ ವರ್ಷವೇ ಹೋದ್ರೆ ಯಾರಿಗೂ ಅನುಮಾನ ಇಲ್ಲ. ನೀವು ತುಂಬಿಸಿದ್ರೆ ಸಾಕು, ಖಾಲಿ ಮಾಡೋಕೆ ಅಮ್ಮ ಇದ್ದಾರೆ, ಬೈಸಿಕೊಳ್ಳೋಕೂ ಅಮ್ಮನೇ ಇದ್ದಾರೆ. ನಿಮ್ಮ ಕೈಗೆ ಕೊಳೆಯೇ ಆಗಲ್ಲ."

ಕೌಂಟರಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಇಷ್ಟು ದಿನ ತಾವು ಚೀಟಿ ಪಾಲಿಸುತ್ತಿದ್ದೇವೆ ಎಂದುಕೊಂಡಿದ್ದ ಜೀವಕ್ಕೆ ಯಾರದೋ ಕೈಗೊಂಬೆಯಾಗಿದ್ದೆ ಎಂದು ಆಗಷ್ಟೇ ಹೊಳೆದಿತ್ತು.

"ನಾನು ಯಾಕೆ ತುಂಬಿಸಲಿ?" ಮ್ಯಾನೇಜರ್ ಮುಖ ಕೆಂಪಾಯಿತು. "ಮುಂದಿನ ತಿಂಗಳು ಎಲ್ಲಾ ಚಿತ್ರಾನೂ ಹೊಸ ಯಂತ್ರಕ್ಕೆ ಸಾಗಿಸಿಕೊಡಿ ಅಂತ ನಿಮಗೆ ಒಪ್ಪಿಸಿದವನೇ ನಾನು. ಅಳಿಸೋದೇ ಆಗಿದ್ರೆ ನಿಮ್ಮನ್ನ ಯಾಕೆ ಕರೀಲಿ?"

"ನನ್ನ ಅಂಗಡಿಯಿಂದ ತಂದ ಡಿಸ್ಕ್ ಎಲ್ಲಿ?"

ಅವನು ಸರಸರನೆ ಒಳಹೋಗಿ ಒಂದು ಡಬ್ಬಿ ತಂದು ಮೇಜಿನ ಮೇಲೆ ಕುಕ್ಕಿದ. ರಿಪೇರಿ ಅಕ್ಕ ತನ್ನ ಕೈಯಾರೆ ಸುತ್ತಿದ್ದ ನೀಲಿ ಟೇಪು ಸುತ್ತಿದ ಹಾಗೇ ಇತ್ತು. ಉಗುರು ಕೂಡ ತಾಕಿರಲಿಲ್ಲ.

"ಹಾಗಾದ್ರೆ ಒಂದು ಹತ್ತಕ್ಕೆ ಎಲ್ಲಿದ್ರಿ, ಅದನ್ನ ಹೇಳಿ."

ಮ್ಯಾನೇಜರ್ ಡಾಕ್ಟರಮ್ಮನ ಕಡೆ ನೋಡಿದ. ನೆಲ ನೋಡಿದ. ಕೊನೆಗೆ ಬಾಗಿಲಲ್ಲಿ ನಿಂತಿದ್ದ ಎಕ್ಸ್‌ರೇ ಅಣ್ಣನನ್ನು ನೋಡಿದ. ಎಕ್ಸ್‌ರೇ ಅಣ್ಣನಿಗೆ ಇನ್ನು ತಡೆಯಲಾಗಲಿಲ್ಲ.

"ಎಕ್ಸ್‌ರೇ ಮೇಜಿನ ಮೇಲೆ ಮಲಗಿದ್ರು ಮೇಡಂ. ದಿನಾ ಮಲಗ್ತಾರೆ. ಅದಕ್ಕೇ ನಾನು ಮೆಟ್ಟಿಲ ಮೇಲೆ ಉಣ್ಣೋದು. ಆ ಗೊರಕೆಗೆ ಒಳಗೆ ತುತ್ತು ಇಳಿಯಲ್ಲ."

ಬೇರೆ ದಿನವಾಗಿದ್ದರೆ ಎಲ್ಲರೂ ನಕ್ಕುಬಿಡುತ್ತಿದ್ದರು. ಡಾಕ್ಟರಮ್ಮ ತಮ್ಮನನ್ನು ಒಮ್ಮೆ ದುರುಗುಟ್ಟಿ ನೋಡಿ ಗಡಿಯಾರದ ಕಡೆ ತಿರುಗಿದರು.

"ಎರಡೂ ನಲವತ್ತು ಆಯ್ತು. ನಿಮ್ಮ ಪತ್ತೇದಾರಿಕೆ ಸಾಕು. ನಾನು ಪತ್ರಕ್ಕೆ ಸಹಿ ಹಾಕೋಕೆ ಹೋಗ್ತಿದ್ದೀನಿ. ಮೂರು ಗಂಟೆಗೆ ಈ ಯಂತ್ರ ಆಫ್ ಆಗಬೇಕು."

ಅವರು ಹೋದರು. ಮ್ಯಾನೇಜರ್ ಡಬ್ಬಿ ಎತ್ತಿಕೊಂಡು, ಮಾತು ಬಿಟ್ಟವನಂತೆ ಇನ್ನೊಂದು ಬಾಗಿಲಿನಿಂದ ಹೋದ. ರಿಪೇರಿ ಅಕ್ಕನಿಗೆ ಕುರ್ಚಿಯ ಕೆಳಗೆ ಅಡಗಿಕೊಳ್ಳೋಣ ಅನಿಸಿತು. ಗುರಿ ತಪ್ಪಿದ್ದಷ್ಟೇ ಅಲ್ಲ, ಒಬ್ಬ ನಿರಪರಾಧಿಯ ನಿದ್ದೆಯನ್ನೂ ಬೀದಿಗೆಳೆದಿದ್ದಳು.

"ಹೋಗ್ಲಿ ಬಿಡಿಮ್ಮ," ಕೌಂಟರಮ್ಮ ತಮ್ಮ ಡ್ರಾಯರಿನ ಸಾಮಾನು ಚೀಲಕ್ಕೆ ತುಂಬತೊಡಗಿದರು. ಬಾಚಣಿಗೆ, ಕನ್ನಡಕದ ಡಬ್ಬಿ, ಅಣ್ಣನ ಮಾತ್ರೆ ಚೀಟಿ. "ನನಗಾಗಿ ನೀವು ಇಷ್ಟು ಓಡಾಡಿದ್ರಲ್ಲ, ಅದೇ ದೊಡ್ಡದು."

"ಡ್ರಾಯರ್ ಮುಚ್ಚಿ. ಇನ್ನೂ ಇಪ್ಪತ್ತು ನಿಮಿಷ ಇದೆ."

ಈಗ ಅವಳಿಗೆ ಮೊದಲೇ ಮಾಡಬೇಕಾಗಿದ್ದ ಕೆಲಸ ನೆನಪಾಯಿತು. ಬಡಿಸಿದ್ದು ಏನು ಅಂತ ನೋಡಿಯೇ ಇರಲಿಲ್ಲ. ಫೈಲು ಯಾವ ಜಾತಿಯದು ಎಂದು ಹೇಳುವ ಬಾಲವನ್ನು ಹೆಸರಿನಿಂದ ಕತ್ತರಿಸಿಹಾಕಿದ್ದರು. ಒಂದಕ್ಕೆ ಚಿತ್ರದ ಬಾಲ ಅಂಟಿಸಿದಳು, ತೆರೆಯಲಿಲ್ಲ. ಹಾಡಿನ ಬಾಲ, ಅದೂ ಇಲ್ಲ. ವಿಡಿಯೋ ಬಾಲ ಅಂಟಿಸಿದಳು.

ತೆರೆಯಿತು.

ದೊಡ್ಡ ಸಭಾಂಗಣ. ಸಾಲು ಕುರ್ಚಿ. ಕ್ಯಾಮೆರಾ ತಡವರಿಸುತ್ತಾ ಜನರ ಮಧ್ಯೆ ಹಾದು ವೇದಿಕೆಯ ಮೇಲಿದ್ದ ಹುಡುಗಿಯ ಮುಖದ ಮೇಲೆ ನಿಂತಿತು. ಹುಡುಗಿ ಕೂದಲು ಸರಿಮಾಡಿಕೊಂಡು ನಕ್ಕಳು. ಹದಿಮೂರು ವರ್ಷದ ಹಿಂದಿನ ರಿಪೇರಿ ಅಕ್ಕ. ಪಕ್ಕದಲ್ಲಿ ಅವನು, ಟೈ ಸಡಿಲ ಮಾಡಿಕೊಳ್ಳುತ್ತಾ ಏನೋ ಪಿಸುಗುಟ್ಟುತ್ತಿದ್ದಾನೆ.

ಇದು ಅವಳದೇ ಮದುವೆ. ಆರು ವರ್ಷದಿಂದ ಅವಳು ಕಣ್ಣೆತ್ತಿಯೂ ನೋಡದ ವಿಡಿಯೋ. ನಾಲ್ಕು ಜಿ.ಬಿ. ಅವಳು ಯಾವತ್ತೂ ತೆರೆಯುವುದಿಲ್ಲ ಎಂದು ಗೊತ್ತಿದ್ದ ಯಾರೋ ಇದನ್ನೇ ಊಟಕ್ಕೆ ಆರಿಸಿಕೊಂಡಿದ್ದರು.

ಕ್ಯಾಮೆರಾ ಮುಂದಿನ ಸಾಲಿಗೆ ಬಂತು. ಕೌಂಟರಮ್ಮ ಕನ್ನಡಕ ಏರಿಸಿಕೊಂಡು ಪರದೆಯ ಹತ್ತಿರ ಬಗ್ಗಿದರು.

"ಅರೆ, ಇವರು ನಮ್ಮ ಫೋನಜ್ಜಿ ಅಲ್ವಾ? ಕೂದಲು ಕಪ್ಪಗಿದೆ ಅಷ್ಟೇ. ಇವರೇ ಕಣಮ್ಮ, ಇವತ್ತೂ ಇಲ್ಲೇ ಕೂತಿದ್ರು. ಇದರೊಳಗೆ ಇವರ ವಿಡಿಯೋ ಹೇಗೆ ಬಂತು?"

ರಿಪೇರಿ ಅಕ್ಕ ವಿಡಿಯೋವನ್ನು ಅತ್ತೆಯ ಮುಖದ ಮೇಲೆ ನಿಲ್ಲಿಸಿದಳು. ಮಂಡಿ ಸಡಿಲಾಗಲಿ ಅಂತ ವಾರಕ್ಕೆರಡು ಸಲ ಮಧ್ಯಾಹ್ನ ನಡೆಯೋಕೆ ಹೋಗುವ ಅತ್ತೆ. ಹೊರಡುವಾಗ ಕುರ್ಚಿಯ ಹಿಂದಿನ ಮೊಳೆಯಿಂದ ಬೀಗದ ಗೊಂಚಲು ತೆಗೆದುಕೊಳ್ಳುವ ಅತ್ತೆ. ಆ ಗೊಂಚಲಿನಲ್ಲೇ ಅಂಗಡಿಯ ಪೆನ್ ಡ್ರೈವ್ ತೂಗುತ್ತಿರುತ್ತದೆ. 'ಹಳೇ ಚಿತ್ರ ಎಲ್ಲಾ ನೀನೇ ಒಂದೊಂದಾಗಿ ಸಾಗಿಸ್ತೀಯಾ? ಹೆಸರೆಲ್ಲ ನೋಡ್ತೀಯಾ?' ಎಂದು ಹೋದ ತಿಂಗಳು ತಟ್ಟೆ ತೊಳೆಯುತ್ತಾ ಕೇಳಿದ್ದ ಅತ್ತೆ.

ಫೋನ್ ಮಾಡಿದಳು. ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದಳು. ಒಂದೇ ರಿಂಗಿಗೆ ಎತ್ತಿದರು.

"ಹೇಳು ಕಣೇ."

"ಅತ್ತೆ, ಈ ಯಂತ್ರಕ್ಕೆ ಊಟ ಹಾಕಿದ್ದು ನೀವಾ?"

ಅತ್ತೆ ಇಲ್ಲ ಅನ್ನಲಿಲ್ಲ.

"ಕೌಂಟರಿನವರು ಆ ವರ್ಷ ಅಳಿಸಿದ್ರಾ?" ಎಂದು ತಿರುಗಿ ಕೇಳಿದರು.

"ಯಾವ ವರ್ಷ?"

"ಗೊತ್ತಿದ್ದೂ ಕೇಳಬೇಡ. ತೆರೀಬೇಡ ತಾಯಿ. ಹಾಗೇ ಅಳಿಸಿಬಿಡು. ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ."

ಒಂಬತ್ತು ಹೋಯಿತು, ಎಂಟು ಹೋಯಿತು, ಏಳು ಹೋಯಿತು. ಇವತ್ತು ಹೋಗಬೇಕಾಗಿದ್ದದ್ದು ಆರು ವರ್ಷದ ಹಿಂದಿನದು. ಅವಳು ಆ ವರ್ಷ ತೆರೆದಳು. ಹುಡುಕುವ ಜಾಗದಲ್ಲಿ ಗಂಡನ ಹೆಸರು ಒತ್ತಿದಳು. ಆರು ವರ್ಷದಿಂದ ಬರೆಯದಿದ್ದ ಹೆಸರು, ಎರಡು ಸಲ ತಪ್ಪಿತು.

ಒಂದು ಸಾಲು ಬಂತು. ಎಡ ಮುಂಗೈ. ಮುರಿತ. ವಯಸ್ಸು ಮೂವತ್ತಾರು. ಊರು, ವಿಳಾಸ ಖಾಲಿ. ತೆಗೆದವರು ಡಾಕ್ಟರಮ್ಮ. ತಾರೀಖು ಮಾರ್ಚ್ ಇಪ್ಪತ್ತು.

ಅವಳು ಬೆರಳಲ್ಲಿ ಎಣಿಸಿದಳು. ಮತ್ತೆ ಎಣಿಸಿದಳು. ಸೇತುವೆಯ ಮೇಲೆ ಸ್ಕೂಟರ್ ಸಿಕ್ಕಿದ್ದು ಹನ್ನೊಂದಕ್ಕೆ. ಹೊಳೆಗೆ ಬಿದ್ದು ಸತ್ತವನು ಒಂಬತ್ತು ದಿನದ ಮೇಲೆ ಕೈ ಮುರಿದುಕೊಂಡು ಎಕ್ಸ್‌ರೇಗೆ ಬರುವುದಿಲ್ಲ.

"ಮೂರು ಗಂಟೆ." ಡಾಕ್ಟರಮ್ಮ ಪತ್ರ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಹೆಸರು ಸಿಕ್ತಾ?"

ರಿಪೇರಿ ಅಕ್ಕ ಪರದೆಯನ್ನು ಅವರ ಕಡೆ ತಿರುಗಿಸಿದಳು.

ಡಾಕ್ಟರಮ್ಮ ಓದಿದರು. ಮೂರು ವಾರದಲ್ಲಿ ಮೊದಲ ಸಲ ಅವರು ಅವಳ ಮುಖವನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಬರೀ ಭಯವಿತ್ತು. ಕೈಯಲ್ಲಿದ್ದ ಪತ್ರವನ್ನು ಅಡ್ಡಕ್ಕೆ ಹರಿದರು, ಮತ್ತೆ ಉದ್ದಕ್ಕೆ ಹರಿದರು.

"ಕೌಂಟರಮ್ಮ ಇಲ್ಲೇ ಕೆಲಸದಲ್ಲಿರಲಿ, ಇನ್ನೆಷ್ಟು ವರ್ಷ ಬೇಕಾದ್ರೂ. ಬರೆದುಕೊಡ್ತೀನಿ. ಯಾರು ತುಂಬಿಸಿದ್ರು ಅಂತ ನಂಗೆ ಗೊತ್ತಾಗಬೇಕಿಲ್ಲ. ನೀವು ಈಗಲೇ ಆ ವರ್ಷ ಅಳಿಸಿಬಿಡಿ."

ಅತ್ತೆ ಹೇಳಿದ್ದೂ ಇದನ್ನೇ.

ರಿಪೇರಿ ಅಕ್ಕ ಕೌಂಟರಮ್ಮನ ಕಡೆ ತಿರುಗಿದಳು. ಒಂದು ಗುಂಡಿ ಒತ್ತಿದರೆ ಈ ಹೆಂಗಸಿನ ಕೆಲಸ ಉಳಿಯುತ್ತದೆ. ಅದನ್ನೇ ಉಳಿಸಲು ತಾನೇ ಅವಳು ಇಲ್ಲಿಗೆ ಬಂದದ್ದು.

ಕೌಂಟರಮ್ಮನಿಗೆ ಪೂರ್ತಿ ಅರ್ಥವಾಗಿರಲಿಲ್ಲ. ಆದರೂ ಅವರು ಮೆಲ್ಲಗೆ ಕೈ ಚಾಚಿ ಮೌಸನ್ನು ಅಂಗೈಯಿಂದ ಮುಚ್ಚಿ ಹಿಡಿದರು.

"ಏನೂ ಅಳಿಸಬೇಡಿ ಅಂದವರು ನೀವೇ ಅಲ್ವೇನಮ್ಮ."

ಆಗ ಮೇಜಿನ ಮೇಲಿದ್ದ ಫೋನಿನಿಂದ ಅತ್ತೆಯ ದನಿ ಬಂತು. ಅವರು ಇಷ್ಟು ಹೊತ್ತೂ ಕೇಳಿಸಿಕೊಳ್ಳುತ್ತಲೇ ಇದ್ದರು.

"ಫೋನನ್ನ ಆ ಡಾಕ್ಟರಮ್ಮನ ಕೈಗೆ ಕೊಡು. ಆ ಚಿತ್ರ ಆವತ್ತೇ ಅಳಿಸ್ತೀನಿ ಅಂತ ನಂಗೆ ಮಾತು ಕೊಟ್ಟಿದ್ಳು, ನಾನು ನಂಬಿರ್ಲಿಲ್ಲ. ಯಾಕೆ ಉಳಿಸಿಕೊಂಡಿದ್ಳು ಅಂತ ಕೇಳಬೇಕು."